‘ಶೇ 80 ಮುಗಿದಿದೆ’ ಎನ್ನುವ ಗೇಮ್: ಕಾಯುವುದೋ, ಕೈಬಿಡುವುದೋ?

ಪ್ರಶ್ನೆ: ಮೇಡಂ, ಆರು ವರ್ಷಗಳ ಹಿಂದೆ ಒಂದು ಸಾಹಸ ಗೇಮ್‌ನ ಕ್ರೌಡ್‌ಫಂಡಿಂಗ್‌ಗೆ (ಗೇಮ್ ಮಾಡಲು ಜನರಿಂದ ಮುಂಚಿತವಾಗಿ ಹಣ ಕೂಡಿಸುವುದು) ಹಣ ಹಾಕಿದೆ. ಎರಡು ವರ್ಷದಲ್ಲಿ ಆಡಲು ಸಿಗುತ್ತದೆ ಎಂದಿದ್ದರು. ಅಲ್ಲಿಂದ ಈವರೆಗೆ ನಾಲ್ಕು ಸಲ ದಿನಾಂಕ ಮುಂದಕ್ಕೆ ಹೋಗಿ, ಈಗ ದಿನಾಂಕ ಹೇಳುವುದನ್ನೇ ನಿಲ್ಲಿಸಿದ್ದಾರೆ. ಪ್ರಗತಿ ವರದಿ ಮಾತ್ರ ತಿಂಗಳು ತಪ್ಪದೆ ಬರುತ್ತದೆ. ಎರಡು ವರ್ಷಗಳ ಹಿಂದಿನ ವರದಿಯಲ್ಲಿ ‘ಶೇ 80 ಮುಗಿದಿದೆ’ ಎಂದಿತ್ತು. ಕಳೆದ ತಿಂಗಳಿನದರಲ್ಲೂ ಅದೇ ಅಂಕಿ. ಈಚೆಗೆ ಇಪ್ಪತ್ತು ನಿಮಿಷಗಳ ವಿಡಿಯೊ ಬಿಟ್ಟರು. ನೀರಿನ ಮೇಲೆ ಬೆಳಕು ಆಡುವ ದೃಶ್ಯ ನೋಡಿ ಅರ್ಧದಷ್ಟು ಅಭಿಮಾನಿಗಳು ಹಬ್ಬ ಮಾಡಿದರು. ಅದೇ ವಿಡಿಯೊದಲ್ಲಿ, ಕಾದಾಟದ ವ್ಯವಸ್ಥೆಯನ್ನು ಮೂರನೆಯ ಬಾರಿ ಹೊಸದಾಗಿ ಮಾಡುತ್ತಿದ್ದೇವೆ ಎಂಬ ಮಾತು ಹಾದುಹೋಯಿತು. ಉಳಿದರ್ಧ ಜನ ಅದನ್ನು ಹಿಡಿದುಕೊಂಡು ‘ಇದು ಶುದ್ಧ ಮೋಸ’ ಎಂದು ಎದ್ದರು. ‘ಹಾಗಾದರೆ ಯಾವಾಗ ಮುಗಿಯಬಹುದು?’ ಎಂದು ನಾನು ಕೇಳಿದ್ದಕ್ಕೆ ಒಂದು ಕಡೆಯವರು ‘ಗೇಮ್ ಮಾಡುವುದು ಎಷ್ಟು ಕಷ್ಟ ಗೊತ್ತೇ?’ ಎಂದು ಬೈದರು, ಇನ್ನೊಂದು ಕಡೆಯವರು ‘ಇನ್ನೂ ನಂಬಿದ್ದೀಯಾ, ಪೆದ್ದ’ ಎಂದು ನಕ್ಕರು. ಈಗ ಸ್ಟುಡಿಯೊ ಹೊಸದೊಂದು ‘ಬೆಂಬಲಿಗರ ಪ್ಯಾಕ್’ ಮಾರಾಟಕ್ಕಿಟ್ಟಿದೆ. ತಡವಾದಷ್ಟೂ ಗೇಮ್ ಚೆನ್ನಾಗಿರುತ್ತದೆ ಎನ್ನುತ್ತಾರಲ್ಲ, ನಿಜವೇ? ಕಾಯಲೇ, ಹಣ ವಾಪಸ್ ಕೇಳಲೇ, ಇನ್ನಷ್ಟು ಹಾಕಲೇ? ನಾವೆಲ್ಲ ಸೇರಿ ಗಲಾಟೆ ಮಾಡಿದರೆ ಕೆಲಸ ಬೇಗ ಆಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಹಾಕಿದ ಹಣ ಮುಳುಗಿತೇ ಎಂಬುದು ಒಂದು. ತೋರಿಸುತ್ತಿರುವುದನ್ನು ನಂಬಬಹುದೇ ಎಂಬುದು ಎರಡು. ಕೇಳಿದ್ದೇ ತಪ್ಪಾಯಿತೇ ಎಂಬುದು ಮೂರು. ಮೂರನೆಯದಕ್ಕೆ ಉತ್ತರ ಸುಲಭ: ತಪ್ಪಾಗಲಿಲ್ಲ. ಹಣ ಕೊಟ್ಟವರು ‘ಯಾವಾಗ’ ಎಂದು ಕೇಳುವುದು ಸಹಜ. ಉಳಿದ ಎರಡನ್ನು ಸ್ವಲ್ಪ ಬಿಡಿಸಿ ನೋಡಬೇಕು. ನಾನು ಈ ಉದ್ಯಮದಲ್ಲಿ ಪ್ರೊಡ್ಯೂಸರ್ ಆಗಿ ಬಹಳ ವರ್ಷ ದುಡಿದವಳು. ತಂಡ, ಹಣ, ವೇಳಾಪಟ್ಟಿ ಮೂರನ್ನೂ ಹೇಗೋ ಹೊಂದಿಸುವ ಕೆಲಸ ಅದು. ಪ್ರಗತಿ ವರದಿಗಳನ್ನು ಓದುವುದಷ್ಟೇ ಅಲ್ಲ, ಬರೆಯುವ ಕಡೆಯಲ್ಲೂ ಕುಳಿತಿದ್ದೇನೆ. ಆದ್ದರಿಂದ ಒಂದು ವಿಷಯವನ್ನು ಖಚಿತವಾಗಿ ಹೇಳಬಲ್ಲೆ: ಕೆಲಸ ಎಲ್ಲಿಗೆ ಬಂದಿದೆ ಎಂಬುದಕ್ಕಿಂತ ಅಭಿಮಾನಿಗಳು ಏನನ್ನು ಕಂಡರೆ ಸಮಾಧಾನಗೊಳ್ಳುತ್ತಾರೆ ಎಂಬುದೇ ಅಂಥ ವರದಿಯ ರೂಪವನ್ನು ಹೆಚ್ಚಾಗಿ ನಿರ್ಧರಿಸುತ್ತದೆ.

ಮೊದಲು ‘ಮೋಸ’ ಎಂಬ ಆರೋಪ. ಹಣ ಕಟ್ಟಿಸಿಕೊಂಡು ಮಾಯವಾಗುವವರು ಈ ಕ್ಷೇತ್ರದಲ್ಲಿಯೂ ಇದ್ದಾರೆ. ಆದರೆ ಅವರು ಆರು ವರ್ಷ ಸಂಬಳ ಕೊಟ್ಟು ತಂಡ ಸಾಕುವುದಿಲ್ಲ, ಕಾದಾಟವನ್ನು ಮೂರನೆಯ ಬಾರಿ ಬರೆಯುವುದೂ ಇಲ್ಲ. ನೀವು ವಿವರಿಸಿದ ಲಕ್ಷಣಗಳು ಬೇರೆಯದನ್ನೇ ಹೇಳುತ್ತವೆ: ಪ್ರಾಮಾಣಿಕವಾಗಿ ದುಡಿಯುತ್ತಿರುವ, ಆದರೆ ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸಲಾಗದ ತಂಡ. ಇದನ್ನು ಕೇಳಿ ನಿರಾಳರಾಗಬೇಡಿ. ಪ್ರಾಮಾಣಿಕತೆಯೊಂದರಿಂದ ಗೇಮ್ ಮುಗಿಯುವುದಿಲ್ಲ. ‘ಡ್ಯೂಕ್ ನ್ಯೂಕೆಮ್ ಫಾರೆವರ್’ ಘೋಷಣೆಯಾದದ್ದು 1997ರಲ್ಲಿ. ಮರುವರ್ಷವೇ ಅದರ ಎಂಜಿನ್, ಅಂದರೆ ಗೇಮ್ ಓಡಿಸುವ ಮೂಲ ತಂತ್ರಾಂಶ, ಬದಲಾಯಿತು, ಕ್ವೇಕ್ 2 ಎಂಜಿನ್ ಬಿಟ್ಟು ಅನ್‌ರಿಯಲ್‌ಗೆ ಹೋದರು. ಆಮೇಲೆ ಹೊಸ ತಂತ್ರಜ್ಞಾನ ಬಂದಾಗಲೆಲ್ಲ ಅದಕ್ಕೆ ಸರಿಗಟ್ಟುವ ಹಂಬಲದಲ್ಲಿ ಕೆಲಸ ಹಿಂದಕ್ಕೆ ಹೋಗುತ್ತಲೇ ಇತ್ತು. 2009ರ ಮೇ ತಿಂಗಳಲ್ಲಿ, ಅದನ್ನು ಮಾಡುತ್ತಿದ್ದ 3ಡಿ ರೆಲ್ಮ್ಸ್ ಸ್ಟುಡಿಯೊ ತಂಡವನ್ನು ಮನೆಗೆ ಕಳುಹಿಸಿತು. ಕೊನೆಗೆ ಗೇರ್‌ಬಾಕ್ಸ್ ಎಂಬ ಇನ್ನೊಂದು ಸ್ಟುಡಿಯೊ ಅದನ್ನು ಕೈಗೆತ್ತಿಕೊಂಡು 2011ರ ಜೂನ್‌ನಲ್ಲಿ ಹೊರತಂದಿತು. ವಿಮರ್ಶಕರು ಅದನ್ನು ಹಳಸಲು ಸರಕೆಂದು ತಳ್ಳಿಹಾಕಿದರು. ಅಲ್ಲಿ ಯಾರೂ ಯಾರಿಗೂ ಮೋಸ ಮಾಡಲಿಲ್ಲ. ಎಲ್ಲರೂ ಕಳೆದುಕೊಂಡರು, ಅಷ್ಟೇ.

ತಡವಾದಷ್ಟೂ ಚೆನ್ನಾಗಿರುತ್ತದೆ ಎಂಬ ಮಾತಿಗೆ ಈ ಒಂದು ಉದಾಹರಣೆಯೇ ಸಾಕಾಗಿತ್ತು. ಆದರೂ ಅದು ಅಭಿಮಾನಿಗಳ ನಡುವೆ ಮಂತ್ರದಂತೆ ಸುತ್ತುತ್ತಿದೆ, ನಿಂಟೆಂಡೊದ ಹೆಸರಾಂತ ಗೇಮ್ ವಿನ್ಯಾಸಕ ಶಿಗೆರು ಮಿಯಾಮೊಟೊ ಹೇಳಿದ್ದೆಂದು ಮುದ್ರೆಯನ್ನೂ ಒತ್ತಿಸಿಕೊಂಡಿದೆ. ಅವರು ಹಾಗೆ ಹೇಳಿದ್ದಕ್ಕೆ ಗಟ್ಟಿಯಾದ ಆಧಾರ ಸಿಕ್ಕಿಲ್ಲ. 1990ರ ದಶಕದಲ್ಲಿ ಉದ್ಯಮದಲ್ಲಿ ಓಡಾಡುತ್ತಿದ್ದ ಮಾತೊಂದು ಅವರ ಹೆಗಲೇರಿತು. ಅದು ಗೇಮ್‌ಗಳು ಕಾರ್ಟ್ರಿಡ್ಜ್ ಎಂಬ ಡಬ್ಬಿಯಲ್ಲಿ ಮಾರಾಟವಾಗುತ್ತಿದ್ದ ಕಾಲದ ಮಾತು ಎಂಬುದನ್ನೂ ಗಮನಿಸಿ: ಆಗ ಒಮ್ಮೆ ಮಾರಾಟವಾದ ಗೇಮ್ ಅನ್ನು ತಿದ್ದುವ ದಾರಿಯೇ ಇರಲಿಲ್ಲ. ಈಗ ಪ್ಯಾಚ್‌ಗಳಿವೆ, ಬಿಡುಗಡೆಯ ನಂತರವೂ ಇಂಟರ್ನೆಟ್ ಮೂಲಕ ತಿದ್ದಬಹುದು. ‘ನೋ ಮ್ಯಾನ್ಸ್ ಸ್ಕೈ’ 2016ರಲ್ಲಿ ಬೈಸಿಕೊಂಡು ಬಂದು, 2018ರ ದೊಡ್ಡ ಅಪ್‌ಡೇಟ್ ಹೊತ್ತಿಗೆ ಬೇರೆಯೇ ಗೇಮ್ ಆಗಿತ್ತು. ‘ಸೈಬರ್‌ಪಂಕ್ 2077’ ಒಂದೇ ವರ್ಷದಲ್ಲಿ ಮೂರು ಸಲ ಮುಂದೂಡಿಸಿಕೊಂಡಿತು: 2020ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ಗೆ, ಅಲ್ಲಿಂದ ನವೆಂಬರ್‌ಗೆ, ಕೊನೆಗೆ ಡಿಸೆಂಬರ್ 10ಕ್ಕೆ. ಅಷ್ಟಾದರೂ ಹಳೆಯ ಕನ್ಸೋಲ್‌ಗಳಲ್ಲಿ (ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರಗಳಲ್ಲಿ) ಅದರ ಸ್ಥಿತಿ ಎಷ್ಟು ಕೆಟ್ಟದಾಗಿತ್ತೆಂದರೆ, ಬಿಡುಗಡೆಯಾದ ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಪ್ಲೇಸ್ಟೇಷನ್ ಅಂಗಡಿಯಿಂದ ತೆಗೆಯಿತು. 2023ರ 2.0 ಅಪ್‌ಡೇಟ್ ಬಂದ ಮೇಲಷ್ಟೇ ಅನೇಕರು ಅದನ್ನು ಮನಸ್ಸಿಟ್ಟು ಹೊಗಳಿದರು. ಇತ್ತ ‘ಹಾಫ್-ಲೈಫ್ 2’ 2003ರ ಸೆಪ್ಟೆಂಬರ್ 30ರ ದಿನಾಂಕ ತಪ್ಪಿಸಿಕೊಂಡು, ನಡುವೆ ಅದರ ಸೋರ್ಸ್ ಕೋಡ್ (ಗೇಮ್‌ನ ಮೂಲ ಪ್ರೋಗ್ರಾಂ ಬರಹ) ಕಳವಾಗಿ, 2004ರ ನವೆಂಬರ್‌ನಲ್ಲಿ ಬಂದು ಎಲ್ಲರನ್ನೂ ಗೆದ್ದಿತು. ತಡ ಎಷ್ಟು ಎಂಬುದರಿಂದ ಏನೂ ತಿಳಿಯುವುದಿಲ್ಲ. ತಡ ಯಾವುದಕ್ಕೆ ಎಂದು ಕೇಳಬೇಕು. ಬಿಡುಗಡೆಗೆ ತಿಂಗಳಿರುವಾಗ ಮೂರು ವಾರ ಮುಂದೂಡಿದರೆ ಅದು ಬಗ್‌ಗಳ, ಅಂದರೆ ಪ್ರೋಗ್ರಾಂನಲ್ಲಿನ ದೋಷಗಳ, ಕಾಟ. ಒಂದು ವರ್ಷ ಮುಂದೂಡಿದರೆ ಒಳಗೆ ಏನೋ ದೊಡ್ಡದು ಮುರಿದಿದೆ. ದಿನಾಂಕವನ್ನೇ ತೆಗೆದುಹಾಕಿದರೆ, ಯಾವ ಗೇಮ್ ಮಾಡುತ್ತಿದ್ದೇವೆ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ ಎಂದು ನಾನು ಊಹಿಸುತ್ತೇನೆ.

ಇನ್ನು ಆ ಶೇ 80. ಯಾವುದರ ಶೇ 80? ಕೆಲಸಗಳ ಪಟ್ಟಿಯದೇ ಆದರೆ, ಆ ಪಟ್ಟಿ ಪ್ರತಿ ತಿಂಗಳೂ ಬೆಳೆಯುತ್ತದೆ. ನೂರು ಕೆಲಸಗಳಲ್ಲಿ ಎಂಬತ್ತು ಮುಗಿಸಿದವರು ಮುಂದಿನ ವರ್ಷ ಇನ್ನೂರರಲ್ಲಿ ನೂರ ಅರವತ್ತು ಮುಗಿಸಿರಬಹುದು. ದುಡಿದದ್ದು ಸುಳ್ಳಲ್ಲ, ಅಂಕಿಯೂ ಸುಳ್ಳಲ್ಲ, ಗೇಮ್ ಮಾತ್ರ ಹತ್ತಿರ ಬಂದಿಲ್ಲ. ಬೆಲ್ ಲ್ಯಾಬ್ಸ್‌ನ ಟಾಮ್ ಕಾರ್ಗಿಲ್ ಹೆಸರಿನಲ್ಲಿ ಉಳಿದುಕೊಂಡಿರುವ ಹಳೆಯ ಕುಚೋದ್ಯ ನಮ್ಮವರೆಲ್ಲರಿಗೂ ಬಾಯಿಪಾಠ: ಮೊದಲ ಶೇ 90ರಷ್ಟು ಕೋಡ್ ಬರೆಯಲು ಶೇ 90ರಷ್ಟು ಸಮಯ ಬೇಕು, ಉಳಿದ ಶೇ 10ಕ್ಕೆ ಇನ್ನೊಂದು ಶೇ 90. ಕೊನೆಯ ಭಾಗದಲ್ಲಿ ಇರುವುದೆಲ್ಲ ಕಣ್ಣಿಗೆ ಕಾಣದ ಕೆಲಸ. ಬೇರೆ ಬೇರೆಯಾಗಿ ಚೆನ್ನಾಗಿ ಓಡುವ ಭಾಗಗಳನ್ನು ಒಟ್ಟಿಗೆ ಓಡಿಸಬೇಕು. ಕಡಿಮೆ ಶಕ್ತಿಯ ಯಂತ್ರಗಳಲ್ಲಿ ತಡವರಿಸದಂತೆ ಹಗುರ ಮಾಡಬೇಕು. ಮೂವತ್ತು ಗಂಟೆ ಆಡಿ ಸೇವ್ ಮಾಡಿದ ಫೈಲ್ ಕೆಡದಂತೆ ನೋಡಿಕೊಳ್ಳಬೇಕು. ಕನ್ಸೋಲ್ ಕಂಪನಿಗಳ ಪರೀಕ್ಷೆ ಪಾಸಾಗಬೇಕು. ಇವುಗಳಲ್ಲಿ ಯಾವುದನ್ನೂ ವಿಡಿಯೊದಲ್ಲಿ ತೋರಿಸಿ ಚಪ್ಪಾಳೆ ಗಿಟ್ಟಿಸಲಾಗದು.

ನೀರಿನ ಮೇಲಿನ ಬೆಳಕಿಗೆ ಬಂದರೆ, ಇಲ್ಲಿ ಎರಡೂ ಕಡೆಯವರು ಎಡವುತ್ತಾರೆ. 2022ರ ಸೆಪ್ಟೆಂಬರ್‌ನಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೊ 6’ ಗೇಮ್‌ನ ಸುಮಾರು 90 ವಿಡಿಯೊ ತುಣುಕುಗಳು ಸೋರಿಕೆಯಾದವು. ಅರ್ಧಂಬರ್ಧ ಬಣ್ಣ, ಪರದೆಯ ತುಂಬ ಪರೀಕ್ಷೆಯ ಅಕ್ಷರಗಳು. ಗೇಮ್‌ನಲ್ಲಿ ಮೊದಲು ಮುಗಿಯುವುದೇ ಗ್ರಾಫಿಕ್ಸ್, ಆದ್ದರಿಂದ ಕೊನೆಗೂ ಇದು ಹೀಗೇ ಇರುತ್ತದೆ ಎಂದು ಯಾರೋ ಬರೆದರು, ಅದು ಹಬ್ಬಿತು. ಅದಕ್ಕೆ ಹಲವು ಸ್ಟುಡಿಯೊಗಳ ಡೆವಲಪರ್‌ಗಳು ತಮ್ಮ ಹೆಸರಾಂತ ಗೇಮ್‌ಗಳ ಆರಂಭದ ದಿನಗಳ ದೃಶ್ಯಗಳನ್ನು ಹೊರಹಾಕಿ ಉತ್ತರ ಕೊಟ್ಟರು: ಬೂದು ಪೆಟ್ಟಿಗೆಗಳ ನಡುವೆ ಓಡುವ ಮುಖವಿಲ್ಲದ ಗೊಂಬೆಗಳು. ಒರಟಾಗಿ ಕಾಣುವ ಗೇಮ್ ಒಳಗಿನಿಂದ ಬಹಳ ಮುಂದೆ ಹೋಗಿರಬಹುದು. ನಿಮ್ಮ ಗೇಮ್‌ನ ವಿಷಯದಲ್ಲಿ ಇದೇ ಮಾತನ್ನು ತಿರುಗಿಸಿ ಓದಿ. ಕಾದಾಟ ಹೇಗಿರಬೇಕೆಂದು ಗೊತ್ತಾಗುವ ಮೊದಲೇ ನೀರು ಹೊಳೆಯುತ್ತಿದ್ದರೆ, ಅದು ಪಾಯ ಮೂರನೆಯ ಸಲ ಅಗೆಯುತ್ತಿರುವ ಮನೆಯ ಗೋಡೆಗೆ ಬಣ್ಣ ಬಳಿದ ಹಾಗೆ. ಸಾಹಸ ಗೇಮ್‌ನಲ್ಲಿ ಕಾದಾಟ ಬದಲಾದರೆ ಶತ್ರುಗಳ ನಡವಳಿಕೆ ಬದಲಾಗುತ್ತದೆ, ಕೋಣೆಗಳ ಅಳತೆ ಬದಲಾಗುತ್ತದೆ, ಅನಿಮೇಷನ್ ಹೊಸದಾಗುತ್ತದೆ, ಕಷ್ಟದ ಮಟ್ಟವನ್ನು ಮೊದಲಿನಿಂದ ತೂಗಬೇಕಾಗುತ್ತದೆ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಾಲು ಇದೇ.

ಹೀಗೇಕೆ ಆಗುತ್ತದೆ ಎಂದು ಕೇಳಿದರೆ, ಮೊದಲ ಕಾರಣ ತೀರಾ ಸರಳ: ಆಡಲು ಖುಷಿಯಾಗುತ್ತದೆಯೇ ಎಂಬುದನ್ನು ವೇಳಾಪಟ್ಟಿಯಲ್ಲಿ ಬರೆದಿಡಲು ಆಗುವುದಿಲ್ಲ. ಮಾಡಿ, ಆಡಿ, ಕಿತ್ತು, ಮತ್ತೆ ಮಾಡಬೇಕು. ಒಳ್ಳೆಯ ತಂಡ ಇದನ್ನು ಮೊದಲ ವರ್ಷದಲ್ಲಿ, ಹತ್ತು ಜನರಿರುವಾಗ, ಅಗ್ಗದಲ್ಲಿ ಮುಗಿಸಿಕೊಳ್ಳುತ್ತದೆ. ಕೆಟ್ಟ ಯೋಜನೆಯಲ್ಲಿ ನೂರು ಜನ ಸೇರಿದ ಮೇಲೆ ಇದು ಶುರುವಾಗುತ್ತದೆ. ಆಗ ಇನ್ನಷ್ಟು ಜನರನ್ನು ಸೇರಿಸಿದರೆ ಕೆಲಸ ಇನ್ನೂ ತಡವಾಗುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರಲ್ಲಿಯೇ ಬರೆದರು. ಹೊಸಬರಿಗೆ ಕಲಿಸುವವರು ಹಳಬರೇ ಅಲ್ಲವೇ. ‘ಇಷ್ಟು ಹಣ ಬಂದಿದೆಯಲ್ಲ, ಜನರನ್ನು ಸೇರಿಸಿಕೊಳ್ಳಲಿ’ ಎಂಬ ಅಭಿಮಾನಿಗಳ ಸಲಹೆ ಕಂಡಾಗಲೆಲ್ಲ ನನಗೆ ಅವರು ನೆನಪಾಗುತ್ತಾರೆ.

ಎರಡನೆಯ ಕಾರಣ ಹಣ ಬರುವ ದಾರಿ. ಪಬ್ಲಿಷರ್ (ಗೇಮ್‌ಗೆ ಹಣ ಹೂಡಿ ಅದನ್ನು ಮಾರುವವನು) ಹಣ ಕೊಡುವಾಗ ಹಂತಹಂತವಾಗಿ ಕೊಡುತ್ತಾನೆ. ಈ ತಿಂಗಳೊಳಗೆ ಇದು ಓಡಬೇಕು, ಇಲ್ಲದಿದ್ದರೆ ಮುಂದಿನ ಕಂತಿಲ್ಲ. ಕ್ರೂರ ಪದ್ಧತಿ, ಆದರೆ ಬೇಡವಾದದ್ದನ್ನು ಕತ್ತರಿಸಲು ಕಲಿಸುತ್ತದೆ. ಅಭಿಮಾನಿಗಳಿಂದಲೇ ನಿರಂತರವಾಗಿ ಹಣ ಬರುವಾಗ ಲೆಕ್ಕ ತಿರುಗಾಮುರುಗಾ. ಹೊಸ ಭರವಸೆ ಹಣ ತರುತ್ತದೆ, ಮುಗಿಸುವುದು ಹಣದ ಹರಿವನ್ನು ನಿಲ್ಲಿಸಬಹುದು. ‘ಸ್ಟಾರ್ ಸಿಟಿಜನ್’ ಎಂಬ ಬಾಹ್ಯಾಕಾಶದ ಗೇಮ್ 2012ರ ಅಕ್ಟೋಬರ್‌ನಲ್ಲಿ ಹಣ ಸಂಗ್ರಹ ಆರಂಭಿಸಿದಾಗ ಗುರಿಯಿದ್ದದ್ದು 2014ರ ನವೆಂಬರ್. 2024ರಲ್ಲಿ ಸಂಗ್ರಹ 70 ಕೋಟಿ ಡಾಲರ್ ದಾಟಿದಾಗಲೂ ಅದು ಆಲ್ಫಾ, ಅಂದರೆ ಇನ್ನೂ ಅಪೂರ್ಣವಾದ ಪರೀಕ್ಷೆಯ ಹಂತದಲ್ಲಿಯೇ ಇತ್ತು. ಅದನ್ನು ಮೋಸ ಎನ್ನಲಾರೆ, ಏಕೆಂದರೆ ಆಡಲು ಸಿಗುವ ಗೇಮ್ ಅಲ್ಲಿದೆ, ಅದನ್ನು ಪ್ರೀತಿಸಿ ಆಡುವವರೂ ಇದ್ದಾರೆ. ಆದರೆ ಅದರ ಜೊತೆಗಿನ ಇನ್ನೊಂದು ಗೇಮ್ ‘ಸ್ಕ್ವಾಡ್ರನ್ 42’ ನೋಡಿ: 2023ರ ಅಕ್ಟೋಬರ್‌ನಲ್ಲಿ ಎಲ್ಲ ಅಂಶಗಳೂ ಸೇರಿಯಾಗಿವೆ, ಇನ್ನು ನಯಗೊಳಿಸುವುದಷ್ಟೇ ಬಾಕಿ ಎಂದು ಘೋಷಿಸಿದರು, ಅಭಿಮಾನಿಗಳು ಕೊನೆಗೂ ಬಂತು ಎಂದು ಸಂಭ್ರಮಿಸಿದರು, ಮರುವರ್ಷ ಅದೇ ವೇದಿಕೆಯಲ್ಲಿ ಕೊಟ್ಟ ಗುರಿ 2026. ‘ಎಲ್ಲವೂ ಸೇರಿದೆ’ ಎಂಬ ಘೋಷಣೆಗೂ ಬಿಡುಗಡೆಗೂ ನಡುವೆ ವರ್ಷಗಳೇ ಇರಬಹುದು.

ಹಾಗಂತ ಎಲ್ಲ ದೀರ್ಘ ವಿಳಂಬವೂ ಅವ್ಯವಸ್ಥೆಯಲ್ಲ. ಆಸ್ಟ್ರೇಲಿಯಾದ ಅಡಿಲೇಡ್‌ನ ಪುಟ್ಟ ತಂಡ ಟೀಮ್ ಚೆರ‍್ರಿ ‘ಹಾಲೊ ನೈಟ್: ಸಿಲ್ಕ್‌ಸಾಂಗ್’ ಅನ್ನು 2019ರ ಫೆಬ್ರುವರಿಯಲ್ಲಿ ಘೋಷಿಸಿತು. ಮೂಲ ಗೇಮ್‌ಗೆ ಹೆಚ್ಚುವರಿ ಅಧ್ಯಾಯವೆಂದು ಶುರುವಾದದ್ದು ಬೆಳೆಯುತ್ತ ಸ್ವತಂತ್ರ ಗೇಮ್ ಆಗಿತ್ತು. 2022ರ ಜೂನ್‌ನಲ್ಲಿ ಹನ್ನೆರಡು ತಿಂಗಳೊಳಗೆ ಬರುವ ಗೇಮ್‌ಗಳ ಸಾಲಿನಲ್ಲಿ ಅದನ್ನು ತೋರಿಸಿದರು. 2023ರ ಮೇನಲ್ಲಿ ಆಗುವುದಿಲ್ಲ ಎಂದರು. ಆಮೇಲೆ ಹೆಚ್ಚುಕಡಿಮೆ ಮೌನ. ಪ್ರತಿ ಪ್ರದರ್ಶನಕ್ಕೂ ಮುನ್ನ ‘ಈ ಸಲ ಬಂದೇ ಬರುತ್ತದೆ’ ಎಂದು ನಂಬಿ ಮೋಸಹೋಗುವ ತಮ್ಮನ್ನು ತಾವೇ ಕೋಡಂಗಿಯ ವೇಷದಲ್ಲಿ ಚಿತ್ರಿಸಿಕೊಳ್ಳುವುದು ಅಭಿಮಾನಿಗಳಿಗೆ ಆಚರಣೆಯೇ ಆಯಿತು. 2025ರ ಸೆಪ್ಟೆಂಬರ್ 4ರಂದು ಗೇಮ್ ಬಂದಾಗ ಕೊಳ್ಳುವವರ ನೂಕುನುಗ್ಗಲಿಗೆ ಡಿಜಿಟಲ್ ಅಂಗಡಿಗಳೇ ಸ್ವಲ್ಪ ಹೊತ್ತು ಕುಸಿದವು. ಏನಾಗಿತ್ತು ಒಳಗೆ? ಬಿಕ್ಕಟ್ಟೇನೂ ಇರಲಿಲ್ಲ, ಮಾಡುವುದರಲ್ಲಿ ಖುಷಿಯಿತ್ತು, ಸೇರಿಸುತ್ತ ಹೋದೆವು ಎಂದು ಅದನ್ನು ಮಾಡಿದವರೇ ಹೇಳಿದರು. ಹಿಂದಿನ ಗೇಮ್‌ನ ಗೆಲುವಿನಿಂದ ಅವರಿಗೆ ಹಣದ ಚಿಂತೆಯಿರಲಿಲ್ಲ, ತಂಡ ಚಿಕ್ಕದು, ಹೊಸದಾಗಿ ಯಾರಿಂದಲೂ ಹಣ ಎತ್ತುತ್ತಿರಲಿಲ್ಲ. ವರದಿಯೇ ಇಲ್ಲದ ಆ ಗೇಮ್ ಮುಂದೆ ಸಾಗುತ್ತಿತ್ತು. ತಿಂಗಳು ತಿಂಗಳು ವರದಿ ಬರುವ ನಿಮ್ಮದು ನಿಂತಲ್ಲೇ ನಿಂತಿರಬಹುದು.

ಈಗ ನಿಮ್ಮ ಕೊನೆಯ ಪ್ರಶ್ನೆ, ಗಲಾಟೆಯದು. ಇದರ ಬಗ್ಗೆ ನನಗೆ ಹೆಚ್ಚು ಹೇಳಬೇಕೆನಿಸುತ್ತದೆ, ಏಕೆಂದರೆ ಒಳಗಿನವರು ಇದನ್ನು ಹೊರಗೆ ಹೇಳುವುದು ಕಡಿಮೆ. ಅಭಿಮಾನಿಗಳ ಪ್ರತಿಕ್ರಿಯೆ ಕೆಲಸದ ವೇಗವನ್ನು ಹೆಚ್ಚಿಸಿದ್ದನ್ನು ನಾನು ಕಂಡಿಲ್ಲ. ಅದು ಬದಲಿಸುವುದು ತೋರಿಸುವ ಸರಕನ್ನು. ‘ಏನಾದರೂ ತೋರಿಸಿ’ ಎಂದು ಸಾವಿರಾರು ಜನ ಕೂಗಿದರೆ ಮಾರ್ಕೆಟಿಂಗ್ ವಿಭಾಗ ದಿನಾಂಕ ಹಿಡಿದುಕೊಂಡು ಬಂದು ನಿಲ್ಲುತ್ತದೆ. ಆಗ ತಂಡದ ಅತ್ಯುತ್ತಮ ಪ್ರೋಗ್ರಾಮರ್‌ಗಳನ್ನೂ ಕಲಾವಿದರನ್ನೂ ನಿತ್ಯದ ಕೆಲಸದಿಂದ ಎತ್ತಿ, ಇಪ್ಪತ್ತು ನಿಮಿಷ ಮಾತ್ರ ಚೆನ್ನಾಗಿ ಓಡುವ ಒಂದು ತುಣುಕನ್ನು ಸಿದ್ಧಪಡಿಸಬೇಕು. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಆ ತುಣುಕಿನ ಬಹುಪಾಲು ಕೋಡ್ ನಿಜವಾದ ಗೇಮ್‌ಗೆ ಬಾರದೆ ಕಸದ ಬುಟ್ಟಿ ಸೇರುತ್ತದೆ. ವಿಡಿಯೊ ಬಂದ ದಿನ ಅಭಿಮಾನಿಗಳ ಮೂಗಿಗೆ ತುಪ್ಪ, ಮರುದಿನ ಸ್ಟುಡಿಯೊದಲ್ಲಿ ಹಿಂದೆ ಬಿದ್ದ ಕೆಲಸದ ರಾಶಿ. ನೀರಿನ ಬೆಳಕಿಗೆ ಬಿದ್ದ ಚಪ್ಪಾಳೆ ನೋಡಿದ ಮೇಲೆ, ಮುಂದಿನ ವಿಡಿಯೊದಲ್ಲಿ ಮಳೆ ಇರುತ್ತದೆ ಎಂದು ನಾನು ಪಂಥ ಕಟ್ಟಬಲ್ಲೆ. ಕಾದಾಟ ಇರುವುದಿಲ್ಲ.

ಸಿಟ್ಟು ಬೆದರಿಕೆಯಾದಾಗ ಆಗುವುದು ಇನ್ನೂ ಕೆಟ್ಟದ್ದು. 2016ರಲ್ಲಿ ‘ನೋ ಮ್ಯಾನ್ಸ್ ಸ್ಕೈ’ ಜೂನ್‌ನಿಂದ ಆಗಸ್ಟ್‌ಗೆ ಹೋದಾಗ, ಆ ತಂಡದ ಮುಖ್ಯಸ್ಥ ಷಾನ್ ಮರ‍್ರಿಗೆ ಕೊಲೆ ಬೆದರಿಕೆ ಬಂತು. ಮುಂದೂಡಿಕೆಯ ಸುದ್ದಿ ಬರೆದ ಪತ್ರಕರ್ತನಿಗೂ ಬಂತು! 2020ರ ಅಕ್ಟೋಬರ್‌ನಲ್ಲಿ ಸೈಬರ್‌ಪಂಕ್ ಕೊನೆಯ ಸಲ ಮುಂದೂಡಿಕೆಯಾದಾಗಲೂ ಅದರ ಡೆವಲಪರ್‌ಗಳಿಗೆ ಇದೇ ಅನುಭವ. ಇದರ ಫಲ ಊಹಿಸುವುದು ಕಷ್ಟವಲ್ಲ. ಅಭಿಮಾನಿಗಳ ಜೊತೆ ನೇರವಾಗಿ, ಬಿಚ್ಚುಮನಸ್ಸಿನಿಂದ ಮಾತನಾಡುತ್ತಿದ್ದ ಡೆವಲಪರ್ ಮೌನವಾಗುತ್ತಾನೆ. ಆ ಜಾಗಕ್ಕೆ ವಕೀಲರು ಕಣ್ಣುಹಾಯಿಸಿದ, ಯಾವ ಅರ್ಥವನ್ನೂ ಹೊರಡಿಸದ ಹೇಳಿಕೆಗಳು ಬರುತ್ತವೆ. ನಿಜ ತಿಳಿಯುವ ಒಂದೇ ಕಿಟಕಿಯನ್ನು ಅಭಿಮಾನಿಗಳೇ ಮುಚ್ಚಿಕೊಂಡಂತಾಯಿತು.

ಸಮರ್ಥಕರ ಪಡೆಯೂ ಕಡಿಮೆ ಹಾನಿ ಮಾಡುವುದಿಲ್ಲ. ಅವರು ನಿಮ್ಮ ಮೇಲೆ ಎರಗಿದ್ದಕ್ಕೆ ಕಾರಣ ಸ್ಟುಡಿಯೊದ ಮೇಲಿನ ಪ್ರೀತಿ ಮಾತ್ರವಲ್ಲ ಎಂದು ನನಗನಿಸುತ್ತದೆ. ಅವರೂ ಹಣ ಹಾಕಿದ್ದಾರೆ, ಬಹುಶಃ ನಿಮಗಿಂತ ಹೆಚ್ಚು. ನಿಮ್ಮ ಪ್ರಶ್ನೆ ಅವರಿಗೆ ತಮ್ಮ ತೀರ್ಮಾನದ ಮೇಲೆ ಹಾಕಿದ ಪ್ರಶ್ನೆಯಾಗಿ ಕೇಳಿಸುತ್ತದೆ. ‘ಶುದ್ಧ ಮೋಸ’ ಎಂದು ಕೂಗುವವನೂ ‘ಕಾಯಿರಿ, ಅದ್ಭುತವಾಗುತ್ತದೆ’ ಎನ್ನುವವನೂ ಒಂದೇ ನಷ್ಟದ ಭಯದಲ್ಲಿದ್ದಾರೆ. ಒಬ್ಬ ಮುಂಚಿತವಾಗಿ ದುಃಖ ಮುಗಿಸಿಕೊಳ್ಳುತ್ತಿದ್ದಾನೆ, ಇನ್ನೊಬ್ಬ ಮುಂದೂಡುತ್ತಿದ್ದಾನೆ. ಸ್ಟುಡಿಯೊ ದೃಷ್ಟಿಯಿಂದ ಹೇಳುವುದಾದರೆ ಹೊಗಳಿಕೆಯ ಗುಂಪು ಆರಾಮ ಕೊಡುತ್ತದೆ, ಮಾಹಿತಿ ಕೊಡುವುದಿಲ್ಲ.

ಉಪಯೋಗಕ್ಕೆ ಬರುವ ಪ್ರತಿಕ್ರಿಯೆ ಎಂಬುದೂ ಇದೆ. 2020ರ ಜುಲೈನಲ್ಲಿ ‘ಹೇಲೊ ಇನ್‌ಫಿನಿಟ್’ ತೋರಿಸಿದಾಗ ಜನ ಅದರ ಚಪ್ಪಟೆ ಬೆಳಕನ್ನು, ಭಾವವಿಲ್ಲದ ಮುಖದ ಒಬ್ಬ ಶತ್ರುವನ್ನು ಗೇಲಿ ಮಾಡಿದರು. ಆ ಶತ್ರುವಿಗೆ ಕ್ರೇಗ್ ಎಂದು ಹೆಸರಿಟ್ಟು ಜಗತ್ತೆಲ್ಲ ನಕ್ಕಿತು. ಆ ವರ್ಷದ ಕೊನೆಗೆ ಬರಬೇಕಿದ್ದ ಗೇಮ್ 2021ರ ಡಿಸೆಂಬರ್‌ನಲ್ಲಿ, ಕಣ್ಣಿಗೆ ಕಾಣುವಷ್ಟು ಸುಧಾರಿಸಿ ಬಂತು. ಗೇಲಿಯೇ ಆದರೂ ಅದು ನಿರ್ದಿಷ್ಟವಾಗಿತ್ತು: ಇಲ್ಲಿ ಬೆಳಕು ಸರಿಯಿಲ್ಲ, ಈ ಮುಖ ಸತ್ತಂತಿದೆ. ‘ನೀವು ಕಳ್ಳರು’ ಎಂಬ ಮಾತಿಗೆ ಯಾವ ಪ್ರೋಗ್ರಾಮರ್ ಏನು ತಾನೆ ತಿದ್ದಬಲ್ಲ? ಸ್ಟುಡಿಯೊ ಕಡೆಯಿಂದ ಇದರ ಜೋಡಿ ಉದಾಹರಣೆ ‘ಮೆಟ್ರಾಯ್ಡ್ ಪ್ರೈಮ್ 4’. 2017ರಲ್ಲಿ ಘೋಷಿಸಿದ ಅದನ್ನು, ನಮ್ಮ ಮಟ್ಟಕ್ಕೆ ಬರಲಿಲ್ಲ, ರೆಟ್ರೊ ಸ್ಟುಡಿಯೊಸ್ ಜೊತೆ ಮೊದಲಿನಿಂದ ಶುರುಮಾಡುತ್ತಿದ್ದೇವೆ ಎಂದು 2019ರ ಜನವರಿಯಲ್ಲಿ ನಿಂಟೆಂಡೊ ತಾನೇ ಬಂದು ಹೇಳಿತು. ಗೇಮ್ ಬಂದದ್ದು 2025ರ ಡಿಸೆಂಬರ್‌ನಲ್ಲಿ. ಆ ಕೆಟ್ಟ ಸುದ್ದಿಯನ್ನು ಅಭಿಮಾನಿಗಳು ಗೌರವದಿಂದಲೇ ತೆಗೆದುಕೊಂಡರು. ಶೇಕಡಾವಾರು ಲೆಕ್ಕಕ್ಕಿಂತ ‘ಕೆಟ್ಟಿತು, ಮತ್ತೆ ಶುರು’ ಎಂಬ ಒಂದು ಮಾತು ಹೆಚ್ಚು ಬಾಳುತ್ತದೆ.

ಹಾಗಾದರೆ ವರದಿಯಲ್ಲಿ ಏನನ್ನು ಹುಡುಕಬೇಕು? ನಾನು ಮೊದಲು ಹುಡುಕುವುದು ಕತ್ತರಿಸಿದ ಸುದ್ದಿಯನ್ನು. ‘ದೋಣಿ ಪಯಣವನ್ನು ಕೈಬಿಟ್ಟಿದ್ದೇವೆ’, ‘ಐದು ಪ್ರದೇಶಗಳ ಬದಲು ಮೂರು’ ಎಂದಿದ್ದರೆ ಅಭಿಮಾನಿಗಳು ಕೆರಳುತ್ತಾರೆ, ನಾನು ಹಿಗ್ಗುತ್ತೇನೆ. ಮುಗಿಸಲು ನಿರ್ಧರಿಸಿದವರು ಮಾತ್ರ ಕತ್ತರಿಸುತ್ತಾರೆ. ಆಮೇಲೆ ಬೇಸರ ತರಿಸುವ ಸುದ್ದಿಗಳು: ಅನುವಾದ, ವಯೋಮಿತಿ ಪ್ರಮಾಣಪತ್ರ, ಬಟನ್‌ಗಳ ಸೆಟ್ಟಿಂಗ್, ಕನ್ಸೋಲ್ ಪರೀಕ್ಷೆ. ಇವು ಬರತೊಡಗಿದರೆ ಬಿಡುಗಡೆ ಹತ್ತಿರವಾಗಿದೆ. ಸ್ಟುಡಿಯೊ ಹೊರಗಿನವರು ಗೇಮ್ ಅನ್ನು ಮೊದಲಿನಿಂದ ಕೊನೆಯವರೆಗೆ ಆಡಿದ್ದಾರೆಯೇ ಎಂಬುದು ಬಹಳ ದೊಡ್ಡ ಗುರುತು. ನೌಕರಿ ಜಾಹೀರಾತುಗಳನ್ನೂ ನೋಡಿ. ಅಲ್ಲಿ ಸುಳ್ಳು ಕಡಿಮೆ. ಆರನೆಯ ವರ್ಷದಲ್ಲಿ ಮುಖ್ಯ ಗೇಮ್ ಡಿಸೈನರ್ ಬೇಕಾಗಿದ್ದಾರೆ ಎಂದಿದ್ದರೆ ಚಿಂತೆಗೆ ಕಾರಣ, ಪರೀಕ್ಷಕರು ಬೇಕಾಗಿದ್ದಾರೆ ಎಂದಿದ್ದರೆ ಶುಭ. ಎರಡು ವರ್ಷಗಳಿಂದ ಅದೇ ಕಣಿವೆ, ಅದೇ ಕೋಟೆಯನ್ನೇ ಹೊಸ ಬೆಳಕಿನಲ್ಲಿ ತೋರಿಸುತ್ತಿದ್ದಾರೆಯೇ ಎಂಬುದನ್ನು ಹಳೆಯ ವಿಡಿಯೊ ಪಕ್ಕದಲ್ಲಿಟ್ಟು ನೀವೇ ಪರೀಕ್ಷಿಸಬಹುದು.

ನೀವು ಕೊಟ್ಟ ವಿವರಗಳಷ್ಟರಿಂದಲೇ ನನ್ನ ಅಂದಾಜು ಹೇಳುವುದಾದರೆ: ಎರಡು ವರ್ಷ ಅಲುಗಾಡದ ಅಂಕಿ, ಮೂರನೆಯ ಕಾದಾಟ, ತೆಗೆದುಹಾಕಿದ ದಿನಾಂಕ. ಈ ಗೇಮ್ ಕನಿಷ್ಠ ಇನ್ನೆರಡು ವರ್ಷ ದೂರವಿದೆ, ಬಾರದೆಯೂ ಹೋಗಬಹುದು. ಚೆನ್ನಾಗಿ ಕಂಡ ವಿಡಿಯೊ ರಕ್ಷಣೆಯಲ್ಲ. ‘ಪರ್ಫೆಕ್ಟ್ ಡಾರ್ಕ್’ ಹೊಸ ಆವೃತ್ತಿಯ ಆಟದ ದೃಶ್ಯಗಳನ್ನು 2024ರ ಜೂನ್‌ನಲ್ಲಿ ತೋರಿಸಿ ಮೆಚ್ಚುಗೆ ಪಡೆದರು. 2025ರ ಜುಲೈನಲ್ಲಿ ಗೇಮ್ ರದ್ದಾಯಿತು, ಸ್ಟುಡಿಯೊ ಮುಚ್ಚಿತು. ಅದರ ಹಿಂದೆ ಮೈಕ್ರೊಸಾಫ್ಟ್‌ನಂಥ ಕಂಪನಿಯೇ ಇತ್ತು.

ಈಗ ದಾರಿಗಳು. ಹೊಸ ಪ್ಯಾಕ್ ಕೊಳ್ಳಬೇಡಿ. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ. ಇವತ್ತು ಆಡಲು ಏನು ಸಿಗುತ್ತದೆಯೋ ಅದಕ್ಕೆ ಬೆಲೆ ಕಟ್ಟಿ, ನಾಳೆ ಸೇರಿಸುತ್ತೇವೆ ಎಂದದ್ದಕ್ಕೆ ಬೇಡ. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಅಪೂರ್ಣ ಗೇಮ್‌ಗಳನ್ನು ಮಾರುವ ಅರ್ಲಿ ಆಕ್ಸೆಸ್ ವಿಭಾಗವೂ ಕೊಳ್ಳುವವರಿಗೆ ಇದೇ ಎಚ್ಚರಿಕೆ ಕೊಡುತ್ತದೆ. ಆ ದಾರಿಯಲ್ಲಿ ‘ಬಾಲ್ಡರ್ಸ್ ಗೇಟ್ 3’ 2020ರಲ್ಲಿ ಮೊದಲ ಅಂಕವನ್ನು ಕೈಗಿಟ್ಟು, ಆಡಿದವರ ಮಾತು ಕೇಳಿ ತಿದ್ದಿ, 2023ರ ಆಗಸ್ಟ್‌ನಲ್ಲಿ ಪೂರ್ತಿಯಾಯಿತು. ಅದೇ ದಾರಿಯಲ್ಲಿ 2023ರಲ್ಲಿ ಬಂದ ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ 2’ ಮರುವರ್ಷ ತಂಡವನ್ನೇ ಕಳೆದುಕೊಂಡು ಅರ್ಧಕ್ಕೆ ನಿಂತಿತು.

ಹಣ ವಾಪಸ್ ಕೇಳುವುದು ನಿಮ್ಮ ಹಕ್ಕೇ, ಸಿಗುವುದು ಹಣ ಕೊಟ್ಟ ಜಾಗದ ಮೇಲೆ ನಿಂತಿದೆ. ಸ್ಟೀಮ್‌ನಲ್ಲಿ ಮುಂಗಡ ಖರೀದಿ ಮಾಡಿದ್ದರೆ ಬಿಡುಗಡೆಗೆ ಮುನ್ನ ಯಾವಾಗ ಬೇಕಾದರೂ ರದ್ದು ಮಾಡಬಹುದು, ಬಿಡುಗಡೆಯ ನಂತರ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ವಾಪಸ್ ಕೇಳಬಹುದು. ಕಿಕ್‌ಸ್ಟಾರ್ಟರ್‌ನಂಥ ಕ್ರೌಡ್‌ಫಂಡಿಂಗ್ ಜಾಲತಾಣದಲ್ಲಿ ಕೊಟ್ಟದ್ದು ಖರೀದಿಯಲ್ಲ, ಬೆಂಬಲ. ಒಪ್ಪಂದ ನಿಮ್ಮ ಮತ್ತು ಸ್ಟುಡಿಯೊ ನಡುವಿನದು, ವೇದಿಕೆ ತಾನಾಗಿ ಹಣ ಹಿಂದಿರುಗಿಸುವುದಿಲ್ಲ. ಆ ಹಣ ಸಂಬಳವಾಗಿ ಖರ್ಚಾಗಿ ಹೋಗಿರುವುದೇ ಹೆಚ್ಚು. ಸ್ಟುಡಿಯೊದ ಸ್ವಂತ ಅಂಗಡಿಯಲ್ಲಿ ಕೊಂಡಿದ್ದರೆ ಅದರ ನಿಯಮ ಓದಿ. ಬ್ಯಾಂಕ್ ಮೂಲಕ ಪಾವತಿಯನ್ನೇ ತಿರುಗಿಸುವ ದಾರಿಯಲ್ಲಿ ಒಂದು ಅಪಾಯವಿದೆ: ಕೆಲವು ಅಂಗಡಿಗಳು ಆ ಖಾತೆಯನ್ನೇ ಮುಚ್ಚುತ್ತವೆ, ನೀವು ಕೊಂಡ ಬೇರೆ ಗೇಮ್‌ಗಳೂ ಸಿಗದಂತಾಗಬಹುದು. ಎಲ್ಲರೂ ಒಟ್ಟಿಗೆ ಕೇಳಿದರೆ ಸ್ಟುಡಿಯೊ ಕುಸಿಯುತ್ತದೆ ಎಂದು ಸಮರ್ಥಕರು ಹೆದರಿಸುತ್ತಾರೆ. ಆಗಬಹುದು. ಆದರೆ ಒಂದು ಸಂಸ್ಥೆಯ ಹಣಕಾಸನ್ನು ಕಾಪಾಡುವ ಹೊಣೆ ಬೆಂಬಲಿಗನ ತಲೆಗೆ ಬರಬಾರದು.

ಏನೂ ಮಾಡದೆ ಕಾಯುವುದೂ ಒಂದು ದಾರಿಯೇ. ಹಾಕಿದ ಹಣವನ್ನು ಹೋಯಿತೆಂದು ಬರೆದುಕೊಂಡು, ಮಾಸಿಕ ವರದಿಗಳನ್ನು ಮ್ಯೂಟ್ ಮಾಡಿ, ಬೇರೆ ಗೇಮ್ ಆಡಿ. ಹಣದ ಅಗತ್ಯವಿಲ್ಲದವರಿಗೆ ನಾನು ಹೆಚ್ಚಾಗಿ ಇದನ್ನೇ ಹೇಳುತ್ತೇನೆ. ಬಿಡುಗಡೆಯಾದ ದಿನವೇ ಹಾರಬೇಡಿ. ನಿಮ್ಮಲ್ಲಿರುವ ಯಂತ್ರದಲ್ಲಿಯೇ ಆಡಿ ಬರೆದ ವಿಮರ್ಶೆ ಬರುವ ತನಕ ಕಾಯಿರಿ. ಸೈಬರ್‌ಪಂಕ್‌ಗೆ ಬಿಡುಗಡೆಗೆ ಮುನ್ನ ಬಂದ ಹೊಗಳಿಕೆಯೆಲ್ಲ ಪಿಸಿ ಆವೃತ್ತಿಯದು, ಏಕೆಂದರೆ ವಿಮರ್ಶಕರಿಗೆ ಕೊಟ್ಟದ್ದೇ ಅದನ್ನು. ಹಳೆಯ ಕನ್ಸೋಲ್‌ನಲ್ಲಿ ಕೊಂಡವರು ಆ ಹೊಗಳಿಕೆ ಓದಿ ಕೊಂಡಿದ್ದರು.

ಇನ್ನೊಮ್ಮೆ ಸ್ಟುಡಿಯೊಗೆ ಬರೆಯುವ ಮನಸ್ಸಿದ್ದರೆ ‘ಯಾವಾಗ’ ಎಂದು ಕೇಳಬೇಡಿ, ಅದಕ್ಕೆ ಅವರ ಬಳಿಯೂ ಉತ್ತರವಿಲ್ಲ. ಎರಡೇ ಪ್ರಶ್ನೆ ಕೇಳಿ: ಇವತ್ತಿನ ಆವೃತ್ತಿಯನ್ನು ಆರಂಭದಿಂದ ಅಂತ್ಯದವರೆಗೆ ಆಡಲು ಆಗುತ್ತದೆಯೇ? ಮೊದಲು ಭರವಸೆ ಕೊಟ್ಟವುಗಳಲ್ಲಿ ಯಾವುದನ್ನು ಕೈಬಿಟ್ಟಿದ್ದೀರಿ? ಇವುಗಳಿಗೆ ಹೌದು, ಅಲ್ಲ, ಇಂಥದ್ದು ಎಂದು ಉತ್ತರಿಸಬಹುದು, ನುಣುಚಿಕೊಂಡರೆ ಗೊತ್ತಾಗುತ್ತದೆ. ಹಣ ವಾಪಸ್ ಕೇಳುವ ಪತ್ರವನ್ನು ಪ್ರತ್ಯೇಕವಾಗಿ, ಆರ್ಡರ್ ಸಂಖ್ಯೆ ಮತ್ತು ಪಾವತಿಯ ದಿನಾಂಕ ಸಹಿತ, ಬಹಿರಂಗ ಚರ್ಚೆಯಲ್ಲಿ ಹಾಕದೆ ಗ್ರಾಹಕ ಸೇವೆಯ ಇಮೇಲ್‌ಗೇ ಕಳುಹಿಸಿ. ಉತ್ತರ ಬಂದರೂ ಬಾರದಿದ್ದರೂ ಅದರ ಪ್ರತಿ ನಿಮ್ಮ ಬಳಿ ಇರಲಿ.